ಹುಳಿ ಬಿಟ್ಟ ಪತ್ರೊಡೆ

ಜಲಜಮ್ಮನಿಗೆ ಬಾರದ ವಿದ್ಯೆ ಒಂದೇ, ಕ್ಷಮಿಸುವುದು. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಹೆಣ್ಣು. ಗಂಡ ದುಗ್ಗಪ್ಪ ಅಣೆಕಟ್ಟಿನ ಕೆಲಸದಲ್ಲಿ ಲಾರಿ ಓಡಿಸುತ್ತಿದ್ದುದರಿಂದ ಕಾರ್ಗಲ್ ಕಾಲೊನಿಗೆ ಬಂದಿದ್ದಳು. ಕೆಸುವಿನ ಎಲೆಗೆ ಹಿಟ್ಟು ಬಳಿದು, ಸುರುಳಿ ಸುತ್ತಿ ಬೇಯಿಸುವ ಪತ್ರೊಡೆಯಲ್ಲಿ ಅವಳನ್ನು ಮೀರಿಸುವವರು ಶರಾವತಿಯ ಆಚೆಗೂ ಇರಲಿಲ್ಲ, ಈಚೆಗೂ ಇರಲಿಲ್ಲ.

೧೯೬೪ರಲ್ಲಿ ಕಾಲೊನಿಯ ಕ್ಲಬ್ಬಿನವರು ಊಟ ಮತ್ತು ಸಂಗೀತದ ಹಬ್ಬ ಶುರುಮಾಡಿದರು. ಮೊದಲು ಅಡುಗೆ ಸ್ಪರ್ಧೆ, ಅದು ಮುಗಿದ ಕೂಡಲೇ ಹಾಡು. ಅಡುಗೆಗೆ ತೀರ್ಪುಗಾರ, ಹಾಡಿಗೆ ಗಾಯಕ, ಎರಡೂ ಉಗ್ರಾಣದ ಗುಮಾಸ್ತ ಮುಕುಂದಯ್ಯನೇ. ಅವನೂ ತೀರ್ಥಹಳ್ಳಿಯವನು. ಆದರೆ ಮೈಸೂರಿಗೆ ಹೋಗಿ ನಾಲ್ಕು ವರ್ಷ ಸಂಗೀತ ಕಲಿತಿದ್ದ, ಜೊತೆಗೆ ಹುಟ್ಟಿದೂರನ್ನು ಮರೆಯುವುದನ್ನೂ ಕಲಿತಿದ್ದ. ಜಲಜಮ್ಮನ ಪತ್ರೊಡೆ ಕಚ್ಚಿದವನೇ ಮೈಕಿನಲ್ಲಿ ಸಾರಿದ:

“ಬರೀ ಹುಳಿ! ಅಡುಗೆ ಬಾರದವ್ರು ಹುಳಿ ಸುರೀತಾರೆ. ಮುಂದಿನ ವರ್ಷ ಹುಳಿ ಬಿಟ್ಟು ಮಾಡ್ಕೊಂಡು ಬನ್ನಿ ತಾಯಿ, ಬಹುಮಾನ ಕೊಡೋಣ.”

ನಾಲ್ಕು ಲೌಡ್‌ಸ್ಪೀಕರುಗಳು ಇದನ್ನು ಕಾಲೊನಿಯ ಕೊನೆಯ ಮನೆಯವರೆಗೂ ಮುಟ್ಟಿಸಿದವು. ಅಂದಿನಿಂದ ಒಂದು ವರ್ಷ ಜಲಜಮ್ಮ ಬಟ್ಟೆ ಒಗೆಯುವಾಗ ಕಲ್ಲಿಗೆ ಬಡಿದದ್ದು ಬಟ್ಟೆಯನ್ನಲ್ಲ, ಮುಕುಂದಯ್ಯನನ್ನು.

ಹುಳಿ ಬೀಳದ ಕೆಸು ತಿಂದರೆ ಗಂಟಲು ತುರಿಸುತ್ತದೆ. ಮಲೆನಾಡಿನಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಮೈಸೂರಿಗೆ ಹೋಗಿ ಬಂದವರಿಗೆ ಮಾತ್ರ ಮರೆತುಹೋಗಿರುತ್ತದೆ.

ಮರುವರ್ಷ ಅವಳು ಯುದ್ಧಕ್ಕೆ ಹೊರಟಳು. ಜನರಿಗೆಂದು ದೊಡ್ಡ ಪಾತ್ರೆ, ಅದರಲ್ಲಿ ವಾಟೆಹುಳಿ ಹಾಕಿದ ಪತ್ರೊಡೆ. ತೀರ್ಪುಗಾರನಿಗೆಂದು ಸಣ್ಣ ಡಬ್ಬಿ, ಅದರಲ್ಲಿ ಹುಳಿಯ ನೆರಳೂ ಇಲ್ಲ. ಸೆರಗಿನ ಮರೆಯಲ್ಲಿ ಒಂದು ಚೊಂಬು.

“ಬೇಡ ಮಾರಾಯ್ತಿ, ಪಾಪ,” ಎಂದ ದುಗ್ಗಪ್ಪ.

“ಎಂತಾ ಪಾಪ? ಅವ್ರು ಹೇಳಿದ್ಹಂಗೇ ಮಾಡಿದೀನಿ. ನೀವು ಪಾತ್ರೆ ಎತ್ತಿ.”

ಸಾಲಿನ ತುದಿಗೆ ನಿಂತು, ಕೊನೆಯ ಡಬ್ಬಿ ತನ್ನದೇ ಆಗುವಂತೆ ನೋಡಿಕೊಂಡಳು. ಮುಕುಂದಯ್ಯ ಹಾಡಿನ ಅವಸರದಲ್ಲಿ ಮೂರು ತುಂಡು ನುಂಗಿದ.

“ನೋಡಿ, ನನ್ನ ಮಾತು ಕೇಳಿದ್ರಿ, ರುಚಿ ಬಂತು! ಮೊದಲ ಬಹುಮಾನ ಜಲಜಮ್ಮನಿಗೆ!”

ಹಾಗೆಂದವನೇ ತಂಬೂರಿಯ ಮುಂದೆ ಕುಳಿತ. ಮುಂದಿನ ಸಾಲಿನಲ್ಲಿ ದೊಡ್ಡ ಇಂಜಿನಿಯರುಗಳು. ಆಲಾಪನೆ ಷಡ್ಜದಿಂದ ಗಂಭೀರವಾಗಿ ಹೊರಟಿತು, ಪಂಚಮದಲ್ಲಿ ಕೆಮ್ಮಿತು, ಅದರ ಮೇಲೆ ಹತ್ತಲಾರದೆ ಕರಕರ ಎಂದಿತು. ಗಾಯಕ ಮಹಾಶಯರು ಒಂದು ಕೈಯಲ್ಲಿ ತಾಳ ಹಾಕುತ್ತ ಇನ್ನೊಂದರಲ್ಲಿ ಗಂಟಲು ಕೆರೆದುಕೊಂಡರು. ಆಮೇಲೆ ತಾಳವನ್ನೂ ಬಿಟ್ಟು ಎರಡೂ ಕೈಯಲ್ಲಿ ಕೆರೆದುಕೊಂಡರು.

ಜಲಜಮ್ಮ ಚೊಂಬು ಹಿಡಿದು ವೇದಿಕೆ ಹತ್ತಿದಳು. ಕೋಟೆ ಗೆದ್ದ ರಾಣಿಯೂ ಅಷ್ಟು ನಿಧಾನವಾಗಿ ಮೆಟ್ಟಿಲು ಹತ್ತಿರಲಿಕ್ಕಿಲ್ಲ.

“ವಾಟೆಹುಳಿ ನೀರು ತಂದಿದೀನಿ, ಕುಡಿದ್ರೆ ತುರಿಕೆ ಇಳಿಯುತ್ತೆ. ಆದ್ರೆ ನಿಮಗೆ ಹುಳಿ ಆಗಲ್ವಲ್ಲ ಅಯ್ಯಾ?”

“ಕೊಡಿ ತಾಯಿ...” ಎಂದು ಅವನು ಪಿಸುಗುಟ್ಟಿದ.

“ಪತ್ರೊಡೆಗೆ ಹುಳಿ ಬೇಕೋ ಬೇಡವೋ? ಹೋದ ವರ್ಷ ಹೇಳಿದ್ರಲ್ಲ, ಅದೇ ಮೈಕಲ್ಲೇ ಹೇಳಿ.”

ಮುಕುಂದಯ್ಯ ಇಂಜಿನಿಯರುಗಳನ್ನು ನೋಡಿದ, ಚೊಂಬನ್ನು ನೋಡಿದ. ಚೊಂಬೇ ಗೆದ್ದಿತು.

“ಬೇಕು,” ಎಂದವು ನಾಲ್ಕು ಲೌಡ್‌ಸ್ಪೀಕರುಗಳು, ಒಡೆದ ಕಂಠದಲ್ಲಿ.

“ಎಷ್ಟು?”

“ಜಲಜಮ್ಮ... ಹಾಕಿದಷ್ಟು.”

ಚೊಂಬು ಕೈ ಬದಲಾಯಿಸಿತು. ಅವನು ಕೊನೆಯ ಹನಿಯವರೆಗೂ ಕುಡಿದು ಮುಗಿಸುವತನಕ ಕಾದು, ಜಲಜಮ್ಮ ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು.

“ಹೂಂ, ಈಗ ಹಾಡಿ,” ಎಂದಳು.