ಹೆರಿಗೆ ಶಾಸ್ತ್ರದಲ್ಲಿ ಅಣ್ಣ ಫೇಲಾದದ್ದು

ಯಾರು ಅಂಕಪಟ್ಟಿ ತಂದು ತೋರಿಸಿದರೂ ನನ್ನ ಕಣ್ಣು ಮೊದಲು ಹೋಗುವುದು ಎಲ್ಲಕ್ಕಿಂತ ಕಡಿಮೆ ಇರುವ ಅಂಕದ ಮೇಲೆ. ಇದು ಒಳ್ಳೆಯ ಬುದ್ಧಿಯಲ್ಲ, ಗೊತ್ತು. ಮೊಮ್ಮಕ್ಕಳ ಮುಖ ಬಾಡುತ್ತದೆ, ಹೆಂಡತಿ ಗದರುತ್ತಾಳೆ. ಆದರೆ ಅಲ್ಲಿ ಏನೋ ನಡೆದಿರಬೇಕು ಎಂಬ ಗುಮಾನಿ ನನಗೆ ಹತ್ತಿದ್ದು ನಮ್ಮಣ್ಣನಿಂದ.

ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದಲ್ಲಿ ಅಪ್ಪನ ದಿನಸಿ ಅಂಗಡಿ. ಅಣ್ಣ ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ. ಅವನ ಹೆಂಡತಿ ಗಿರಿಜತ್ತಿಗೆ ನಮ್ಮ ಜೊತೆಗಿದ್ದರು, ತುಂಬು ಬಸುರಿ. ಅಣ್ಣನ ಕೊನೆಯ ಪರೀಕ್ಷೆ ಹತ್ತಿರವಿದ್ದಾಗ ಮನೆಯಲ್ಲೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ಮಡಿಕೇರಿಗೆ ಕರೆದೊಯ್ಯಲು ವ್ಯಾನು ಬರುವಷ್ಟರಲ್ಲಿ ಅತ್ತಿಗೆ ತೀರಿಕೊಂಡಿದ್ದರು. ಕೂಸೂ ಉಳಿಯಲಿಲ್ಲ. ತಂತಿ ಸಿಕ್ಕಿ ಓಡಿ ಬಂದ ಅಣ್ಣ ಇಬ್ಬರನ್ನೂ ಮಣ್ಣು ಮಾಡಿ, ತಿರುಗಿ ಹೋಗಿ ಪರೀಕ್ಷೆಗೆ ಕೂತ.

ಅಂಕಪಟ್ಟಿ ಬಂದಾಗ ಅಪ್ಪ ಅದನ್ನು ಗಲ್ಲಾದ ಮೇಲೆ ಹರಡಿಕೊಂಡು ಕೂಡಿಸಿದರು. ಮೆಡಿಸಿನ್, ಸರ್ಜರಿ ಎರಡರಲ್ಲೂ ಬೇಕಾದಷ್ಟು ಬಂದಿತ್ತು. ಹೆರಿಗೆ ಶಾಸ್ತ್ರದ ಕೆಳಗೆ ಮಾತ್ರ ಕೆಂಪು ಗೆರೆ.

"ಒಟ್ಟು ಸಾಕಷ್ಟಿದೆಯಲ್ಲೋ," ಎಂದರು ಅಪ್ಪ. "ಅಲ್ಲಿ ಮಿಕ್ಕಿದ್ದನ್ನ ಇದಕ್ಕೆ ಹಾಕ್ಕೊಳ್ಳೋಕೆ ಬರಲ್ವಾ?"

"ಬರಲ್ಲ ಅಪ್ಪ. ಒಂದೊಂದರಲ್ಲೂ ಪಾಸಾಗ್ಬೇಕು."

"ಇದೊಂದನ್ನ ಓದಿರಲಿಲ್ವಾ?"

"ಓದಿದ್ದೆ," ಎಂದ ಅಣ್ಣ. "ಬಾಯಿಪರೀಕ್ಷೆಲಿ ಕೇಳಿದ್ರು, ಹೆರಿಗೆ ಆದ್ಮೇಲೆ ರಕ್ತ ನಿಲ್ಲದಿದ್ರೆ ಮೊದಲು ಏನು ಮಾಡ್ತೀಯ ಅಂತ. ಎಲ್ಲಾ ಗೊತ್ತಿತ್ತು. ಇಷ್ಟು ಗೊತ್ತಿದ್ದೋನು ಅವತ್ತು ಇಲ್ಲಿರಲಿಲ್ವಲ್ಲ ಅನ್ನಿಸ್ತು. ಮಾತೇ ಹೊರಡಲಿಲ್ಲ."

ಅಪ್ಪ ಪಟ್ಟಿಯನ್ನು ಮಡಿಸಿದರು. ಬೆಲ್ಲ ಕೇಳಿದ ಗಿರಾಕಿಗೆ ಉಪ್ಪು ತೂಗಿ ಕೊಟ್ಟರು.

ಅಂಕ ಎಂದರೆ ಸಂಖ್ಯೆ, ನಾಟಕದ ಒಂದು ಭಾಗ, ಮಡಿಲು ಎಂದೆಲ್ಲ ನಿಘಂಟು ಹೇಳುತ್ತದೆ. ಪರೀಕ್ಷೆ ಮಾಡಿದವರು ಮೊದಲನೆಯದನ್ನಷ್ಟೇ ಬರೆದು ಕಳಿಸಿದ್ದರು. ಅವರನ್ನೂ ದೂರುವಂತಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದರು.

ಇನ್ನು ಪರೀಕ್ಷೆ ಕಟ್ಟುವುದಿಲ್ಲವೆಂದು ಅಣ್ಣ ಅಂಗಡಿಯಲ್ಲಿ ಕೂರತೊಡಗಿದ. ಯಾರು ಹೇಳಿದರೂ ಕೇಳಲಿಲ್ಲ. ಕೊನೆಗೊಂದು ದಿನ ಶಿರಂಗಾಲದಿಂದ ಗಿರಿಜತ್ತಿಗೆಯ ತಾಯಿ ಬಸ್ಸು ಹತ್ತಿ ಬಂದರು. ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, "ನನ್ನ ಮಗಳ ಹತ್ರ ಗೊತ್ತಿರೋರು ಯಾರೂ ಇರಲಿಲ್ಲ," ಎಂದರು. "ನೀವು ಹೀಗೆ ಇಲ್ಲೇ ಕೂತ್ರೆ ಇನ್ನೊಬ್ಬಳ ಹತ್ರಾನೂ ಇರಲ್ಲ ಅಳಿಯಂದ್ರೆ."

ಅಣ್ಣ ಮತ್ತೆ ಹೋಗಿ ಬರೆದ. ಹೆರಿಗೆ ಶಾಸ್ತ್ರದಲ್ಲಿ ಕೂದಲೆಳೆಯಲ್ಲಿ ಪಾಸಾದ. ಮಾದಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಕೆಲಸ ಶುರು ಮಾಡಿದ. ಮೊದಲ ಹೆರಿಗೆಗೆ ಕರೆ ಬಂದದ್ದು ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ. ಕಾಫಿ ಹಣ್ಣು ಕೊಯ್ಯಲು, ಪಿಕ್ಕಿಂಗಿಗೆ, ಹೋಗುತ್ತಿದ್ದ ಹೆಂಗಸು. ಅವಳಿಗೂ ರಕ್ತ ಹೋಗತೊಡಗಿತಂತೆ. ಅದು ನಿಲ್ಲುವವರೆಗೂ ಅಣ್ಣ ಅವಳ ಪಕ್ಕದಿಂದ ಏಳಲಿಲ್ಲವಂತೆ.

ಮರುದಿನ ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತ. ಅವ್ವ ರೊಟ್ಟಿ ಹಾಕುತ್ತ, "ಉಳಿದಳಾ?" ಎಂದು ಕೇಳಿದಳು.

"ಉಳಿದಳು ಅವ್ವ. ಮಗೂನೂ ಚೆನ್ನಾಗಿದೆ," ಎಂದವನು ಹಾಗೇ ತಟ್ಟೆಯ ಮುಂದೆ ಅಳತೊಡಗಿದ. ಅವ್ವ ಸಮಾಧಾನ ಹೇಳಲಿಲ್ಲ. ರೊಟ್ಟಿ ಆರದಂತೆ ಇನ್ನೊಂದು ತಟ್ಟೆ ಮುಚ್ಚಿ, ಅವನ ಅಳು ಮುಗಿಯುವವರೆಗೆ ಪಕ್ಕದಲ್ಲಿ ಕೂತಳು.