ಅಕ್ಕೋರು ಮೆಚ್ಚಿದ ಬೆಲ್ಲ

ಚೌಡಾಪುರದಲ್ಲಿ ಸುಭದ್ರಾಬಾಯಿ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಅಕ್ಕೋರ ಮನೆ ಎಂದರೆ ಕೈಹಿಡಿದು ಕರೆದುಕೊಂಡು ಹೋಗಿ ಬಿಡುತ್ತಾರೆ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದ ಹೆಂಗಸು. ಬಸ್ ನಿಲ್ಲುವ ಕಡೆ ಚಹಾ ಮಾರುವವನಿಂದ ಹಿಡಿದು ಪಂಚಾಯಿತಿ ಮೆಂಬರನವರೆಗೆ ಅರ್ಧ ಊರು ಅವರು ಬೇಯಿಸಿ ಹಾಕಿದ್ದನ್ನು ತಿಂದೇ ಬೆಳೆದದ್ದು.

ಅಕ್ಕೋರಿಗೆ ಹೆಸರು ಬಂದದ್ದು ಒಂದು ಚೀಲ ತೊಗರಿ ಬೇಳೆಯಿಂದ. ಇಪ್ಪತ್ತು ವರ್ಷದ ಹಿಂದಿನ ಮಾತು. ಕೇಂದ್ರಕ್ಕೆ ಬಂದ ಬೇಳೆಯನ್ನು ತೊಳೆದರೆ ನೀರು ಹಳದಿ. ಮೂರು ಸಲ ತೊಳೆದರೂ ಹಳದಿ. ಬೇಳೆ ತಿಕ್ಕಿದ ಕೈ ಸಂಜೆಯವರೆಗೂ ಹಳದಿ. ಅವರು ಚೀಲದ ಬಾಯಿ ಹೊಲಿದು ವಾಪಸು ಕಳಿಸಿದರು. ಬಂದದ್ದನ್ನು ಬೇಯಿಸುವುದಷ್ಟೇ ನಿಮ್ಮ ಕೆಲಸ ಎಂದು ಮೇಲಿನವರು ನೋಟಿಸು ಕೊಟ್ಟರು. ಅಕ್ಕೋರು ಅದನ್ನು ಮಡಚಿ ರಿಜಿಸ್ಟರಿನೊಳಗಿಟ್ಟು, ಹೊಸ ಚೀಲ ಬರುವವರೆಗೆ ತಮ್ಮ ಮನೆಯ ಬೇಳೆಯನ್ನೇ ತಂದು ಮಕ್ಕಳಿಗೆ ಬೇಯಿಸಿದರು. ಗಂಡ ಬಸವಂತರಾಯರು ಹೊಲದಲ್ಲಿ ಬೆಳೆದ ಬೇಳೆ ಅದು. ‘ಹಿಂಗಾದ್ರ ನಾವು ಏನು ತಿನ್ನೂಣು?’ ಎಂದು ಅವರು ಗೊಣಗಿದರೇ ಹೊರತು ಡಬ್ಬಿಗೆ ಅಡ್ಡ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಊರ ಹೆಂಗಸರು ಏನು ತಂದರೂ ಅಕ್ಕೋರಿಗೆ ತೋರಿಸುವುದು ರೂಢಿಯಾಯಿತು. ಅರಿಶಿನವನ್ನು ನೀರಿಗೆ ಹಾಕಿ ನೋಡುವರು, ಖಾರಪುಡಿಯನ್ನು ಅಂಗೈಯಲ್ಲಿ ತಿಕ್ಕುವರು, ಎಣ್ಣೆಯನ್ನು ಮೂಸುವರು. ಹೆಚ್ಚು ಮಾತಿಲ್ಲ. ‘ತಿನ್ರಿ’ ಎಂದರೆ ತಿನ್ನಬೇಕು, ‘ಒಯ್ದು ಕೊಟ್ಟ ಬಾ’ ಎಂದರೆ ಅಂಗಡಿಗೆ ಹಿಂದಿರುಗಿಸಬೇಕು.

ನಿವೃತ್ತರಾದ ವರ್ಷವೇ ಅವರು ಬೆಲ್ಲದ ಹಿಂದೆ ಬಿದ್ದರು. ಬಂಗಾರದಂತೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತೆಗೆಯುವ ಪುಡಿ ಹಾಕಿರುತ್ತಾರೆ ಎಂದು ಒಂದು ತರಬೇತಿಯಲ್ಲಿ ಕೇಳಿದ್ದರು. ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು, ‘ಬೆಲ್ಲ ಥಳಥಳ ಹೊಳಿಯಾಕತ್ತಿದ್ರ ಅಂಜ್ರಿ. ನಮ್ಮ ಹಿರೇರು ತಿಂದದ್ದು ಕರಿ ಬೆಲ್ಲ. ನೀವೂ ಕರೀದ ತಿನ್ರಿ, ಬಸುರಿ ಬಾಣಂತೇರಿಗೂ ಕರೀದ ಕೊಡ್ರಿ’ ಎಂದರು.

ಭೀಮಾ ದಂಡೆಯಲ್ಲಿ ಜಗದೇವನ ಬೆಲ್ಲದ ಗಾಣವಿತ್ತು. ಸುದ್ದಿ ಅವನ ಕಿವಿಗೂ ಬಿತ್ತು. ಒಂದು ದಿನ ತಾನೇ ಮನೆ ಹುಡುಕಿಕೊಂಡು ಬಂದು, ಬಿಳಿ ವಸ್ತ್ರದಲ್ಲಿ ಸುತ್ತಿದ, ಹೊಳಪಿಲ್ಲದ ಕಡುಗೆಂಪು ಬೆಲ್ಲದ ಒಂದು ಪೆಂಟಿಯನ್ನು ಅಕ್ಕೋರ ಮುಂದಿಟ್ಟ. ಪುಡಿಯಿಲ್ಲ, ಕಬ್ಬಿನ ಹಾಲಿಗೆ ಬೆಂಡಿಗಿಡದ ಲೋಳೆ ಹಾಕಿ ಹೊಲಸು ತೆಗೆದದ್ದು ಎಂದ. ಅಕ್ಕೋರು ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟರು. ಕಬ್ಬಿನ ವಾಸನೆ, ಹಿಂದಿನಿಂದ ತುಸು ಉಪ್ಪು, ಕೊನೆಗೆ ಹೊಗೆ. ತವರೂರು ಖಜೂರಿಯಲ್ಲಿ ಅವ್ವ ರೊಟ್ಟಿಯ ಜೊತೆ ಕೊಡುತ್ತಿದ್ದ ಬೆಲ್ಲ ನೆನಪಾಗಿ ಕಣ್ಣು ತೇವವಾಯಿತು.

‘ಇದು ಬೆಲ್ಲ ನೋಡಪ್ಪ’ ಎಂದರು.

ಅಷ್ಟೇ ಸಾಕಾಯಿತು. ಮಲ್ಲಣ್ಣನ ಅಂಗಡಿಗೆ ಕರಿ ಬೆಲ್ಲ ಬಂತು. ‘ಅಕ್ಕೋರು ಮೆಚ್ಚಿದ ಬೆಲ್ಲ’ ಎಂದು ಅವನು ರಟ್ಟಿನ ಮೇಲೆ ಬರೆದು ತೂಗುಹಾಕಿದ. ಆಳಂದ, ಜೇವರ್ಗಿಗೆ ಹೋಗುವ ಬೀಗರೂ ಚೀಲದಲ್ಲಿ ಇಟ್ಟುಕೊಂಡು ಹೋಗತೊಡಗಿದರು. ಅಕ್ಕೋರಿಗೆ ಮಾತ್ರ ಅಂಗಡಿಗೆ ಹೋಗುವ ಪ್ರಸಂಗವೇ ಬರಲಿಲ್ಲ. ಎರಡು ತಿಂಗಳಿಗೊಮ್ಮೆ ಜಗದೇವ ತಾನೇ ಬಂದು ಪೆಂಟಿ ಇಟ್ಟು, ರೊಕ್ಕ ಕೊಡಲು ಹೋದರೆ ಕೈಮುಗಿದು, ಚಹಾ ಕುಡಿದು ಹೋಗುತ್ತಿದ್ದ. ಇದು ಗೌರವ ಎಂದು ಅಕ್ಕೋರು ತಿಳಿದರು. ಹೀಗೆ ಮೂರು ವರ್ಷ ನಡೆಯಿತು.

ಪಕ್ಕದ ಮನೆ ಶರಫುದ್ದೀನ, ಪೀರಬಿ ಅವರದು. ನಡುವಿನ ಗೋಡೆ ಮೊಳದೆತ್ತರದ್ದು. ಸಾರು, ಚಟ್ನಿ, ಜಗಳ ಎಲ್ಲವೂ ಅದರ ಮೇಲೆ ಅತ್ತಿಂದಿತ್ತ ದಾಟುತ್ತಿದ್ದವು. ಅವರ ಮಗಳು ಫರಹೀನ ಈ ಸಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಳ್ಳಮಾಸಿ ಹಬ್ಬ ಮುಗಿದ ವಾರಕ್ಕೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಅಂಟಿನ ಉಂಡಿ ಕಟ್ಟಬೇಕು. ಮಲ್ಲಣ್ಣನಲ್ಲಿ ಬೆಲ್ಲ ಮುಗಿದಿತ್ತು.

‘ಗಾಣಕ್ಕ ಹೋಗಿ ಬಿಸಿ ಬಿಸಿದು ತರೂಣು ನಡಿ ಪೀರಬಿ. ಬಾಣಂತಿಗಿ ಹೊಸಾದ ಚಲೋ’ ಎಂದರು ಅಕ್ಕೋರು.

ಇಬ್ಬರೂ ಟಂಟಂ ಹತ್ತಿ ಹೊರಟರು. ಬರುತ್ತೇವೆಂದು ಜಗದೇವನಿಗೆ ಹೇಳಿ ಕಳಿಸಿರಲಿಲ್ಲ.

ಗಾಣದ ಅಂಗಳದಲ್ಲಿ ಕಬ್ಬು ಒಂದು ಬಂಡಿಯಷ್ಟೂ ಇರಲಿಲ್ಲ. ಆದರೆ ಮೂರು ಒಲೆ ಉರಿಯುತ್ತಿದ್ದವು, ಮೂರೂ ಕಡಾಯಿ ಕುದಿಯುತ್ತಿದ್ದವು. ಇಷ್ಟು ಕಬ್ಬಿಗೆ ಮೂರು ಕಡಾಯಿ ಹ್ಯಾಗೆ ಎಂದು ಅಕ್ಕೋರು ಯೋಚಿಸುವಷ್ಟರಲ್ಲಿ ತಗಡಿನ ಹಿಂದಿನಿಂದ ಇಬ್ಬರು ಆಳುಗಳು ಒಂದು ಚೀಲ ಎಳೆದು ತಂದರು. ಕುಡಗೋಲಿನಿಂದ ಅದರ ಹೊಟ್ಟೆ ಸೀಳಿ ಕಡಾಯಿಗೆ ಸುರಿದರು. ಸಕ್ಕರೆ. ತೇವ ಹಿಡಿದು ಹೆಂಟೆಗಟ್ಟಿದ, ಮಣ್ಣಿನ ಬಣ್ಣಕ್ಕೆ ತಿರುಗಿದ ಹಳೇ ಸಕ್ಕರೆ. ಹೆಂಟೆಯ ಜೊತೆ ಇರುವೆಗಳೂ ಬಿದ್ದವು, ಚೀಲ ಹೊಲಿದ ಸುತಲಿಯ ತುಂಡೂ ಬಿತ್ತು.

ಅಕ್ಕೋರು ಕಡಾಯಿಯ ಹತ್ತಿರಕ್ಕೆ ನಡೆದರು.

ಮೂರನೆಯ ಆಳು ಪ್ಲಾಸ್ಟಿಕ್ ಡಬ್ಬಿಯಿಂದ ಕರಿಯ ನೀರನ್ನು ಅಳೆದು ಕಡಾಯಿಗೆ ಹಾಕುತ್ತಿದ್ದ. ಅವನ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಉಗುರು, ಬೆರಳ ಗೆರೆ, ಎಲ್ಲ ಕಪ್ಪು.

ಪೀರಬಿ ಕೇಳಿದಳು, ‘ಅದೇನಪ್ಪ, ಕಾಕಂಬಿಯೇನು?’

‘ಅಲ್ರಿ. ಬಣ್ಣ’ ಎಂದ ಅವನು. ಮುಚ್ಚಿಡುವ ಮಾತೆಂದು ಅವನಿಗೆ ಅನಿಸಿದಂತೆ ಕಾಣಲಿಲ್ಲ.

‘ಯಾತರ ಬಣ್ಣ?’

‘ಯಾರಿಗೊತ್ರಿ, ಸಾವಕಾರ್ರು ತರ್ತಾರ. ಕೈಗಿ ಹತ್ತಿದ್ರ ಎಂಟು ದಿನ ಹೋಗಂಗಿಲ್ಲ ನೋಡ್ರಿ’ ಎಂದು ನಗುತ್ತ ಅಂಗೈ ತೋರಿಸಿದ.

ಅಷ್ಟರಲ್ಲಿ ಜಗದೇವ ಬಂದ. ಅಕ್ಕೋರನ್ನು ಕಂಡು ಒಂದು ಕ್ಷಣ ಗಾಬರಿಯಾದ. ಮರುಕ್ಷಣವೇ ಸಾವರಿಸಿಕೊಂಡು ಹೊರಸು ಹಾಕಿಸಿದ.

‘ಬರ್ರಿ ಅಕ್ಕೋರ, ಕುಂದರ್ರಿ. ಹೇಳಿ ಕಳಿಸಿದ್ರ ನಾನs ತರ್ತಿದ್ನಲ್ರಿ.’

ಅಕ್ಕೋರು ಕೂಡಲಿಲ್ಲ. ‘ಇದೇನು ಜಗದೇವ? ಇದೇನು ಮಾಡಾಕತ್ತೀ?’

‘ಬೆಲ್ಲ ರೀ.’

‘ಕೊಳತ ಸಕ್ಕರಿಗಿ ಬಣ್ಣ ಹಾಕಿದ್ರ ಬೆಲ್ಲ ಅಂತಾರೇನು?’

ಜಗದೇವ ಸಿಟ್ಟಾಗಲಿಲ್ಲ. ಹಸುಗೂಸಿಗೆ ತಿಳಿಸುವಂತೆ ಹೇಳಿದ. ‘ಅಕ್ಕೋರ, ಮೊದಲ ಮಂದಿ ಬಿಳೇದು ಬೇಕಂದ್ರು, ಪುಡಿ ಹಾಕಿ ಬಿಳೇದು ಕೊಟ್ಟೆ. ನೀವು ಕರೀದು ತಿನ್ರಿ ಅಂದ್ರಿ. ಎಲ್ಲಾರೂ ಕರೀದು ಬೇಕಂದ್ರು. ಖರೇ ಬೆಲ್ಲ ಅಷ್ಟು ಕರ್ರಗ ಆಗೂದಿಲ್ರಿ. ಕೆಂಪಗ ಇರ್ತದ. ಅದನ್ನ ಇಟ್ರ, ಇದು ಕರೀದಲ್ಲ ಅಂತ ಯಾರೂ ಮುಟ್ಟಲಿಲ್ಲ. ಮಂದಿ ಬಾಯಿಲೆ ತಿನ್ನಂಗಿಲ್ರಿ, ಕಣ್ಣಿಲೆ ತಿಂತಾರ.’

‘ನಾ ತಿಂದದ್ದು?’ ಎಂದರು ಅಕ್ಕೋರು. ‘ನಾ ಮೂರು ವರ್ಷ ತಿಂದದ್ದು ಇದನೇನು?’

‘ಛೇ ಛೇ, ಬಿಡ್ತು ಅನ್ರಿ!’ ಜಗದೇವ ನಿಜವಾಗಿಯೂ ನೊಂದುಕೊಂಡ. ‘ನಿಮಗ ಇದನ್ನ ಹೆಂಗ ಕೊಡ್ಲಿರಿ? ನಿಮ್ಮ ಮನಿಗಿ, ನಮ್ಮ ಮನಿಗಿ ಬ್ಯಾರೆ ಕಡಾಯಿ. ಬರೇ ಕಬ್ಬಿನ ಹಾಲು. ನಿಮ್ಮ ನಾಲಿಗಿ ನನಗೊತ್ತಿಲ್ಲೇನ್ರಿ?’

ಅವನು ಸುಳ್ಳು ಹೇಳಿದ್ದರೂ ಅಕ್ಕೋರಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಹೇಳಿದ್ದು ಸತ್ಯ. ಬಿಳಿ ವಸ್ತ್ರದ ಪೆಂಟಿ ಗೌರವವಾಗಿರಲಿಲ್ಲ. ಅದು ಅವರ ಬಾಯಿಗೆ ಕೊಟ್ಟ ಕೂಲಿ. ಮೂರು ವರ್ಷ ಒಂದು ಬೆಲ್ಲ ತಿಂದು ಊರಿಗೆ ಇನ್ನೊಂದು ಬೆಲ್ಲದ ಜಾಮೀನು ನಿಂತಿದ್ದರು.

ಅವರು ತಿರುಗಿ ನೋಡಿದಾಗ ಪೀರಬಿ ಅವರನ್ನೇ ನೋಡುತ್ತಿದ್ದಳು.

‘ನಿಮ್ಮ ಮನಿಗಿ ಬ್ಯಾರೆ ಇತ್ತೇನ್ರಿ ಅಕ್ಕೋರ?’

‘ನನಗ ಗೊತ್ತಿದ್ದಿಲ್ಲ ಪೀರಬಿ.’

ಟಂಟಮಿನಲ್ಲಿ ಬರುವಾಗ ಪೀರಬಿ ಮುಂದೆ ಡ್ರೈವರನ ಪಕ್ಕ ಕುಳಿತಳು. ಮೂವತ್ತು ವರ್ಷದಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು.

ಮನೆಗೆ ಬಂದವರೇ ಅಕ್ಕೋರು ಪೀರಬಿಯ ಅಡುಗೆಮನೆಗೆ ನಡೆದರು. ಡಬ್ಬಿಯ ತಳದಲ್ಲಿ ಉಳಿದಿದ್ದ ಬೆಲ್ಲದಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಬರೀ ಸಿಹಿ. ಕಬ್ಬಿಲ್ಲ, ಹೊಗೆಯಿಲ್ಲ, ಕೊನೆಯಲ್ಲಿ ನಾಲಿಗೆಯ ಬುಡಕ್ಕೆ ಅಂಟುವ ಏನೋ ಕಹಿ. ಗೋಡೆಯ ಮೇಲಿಂದ ಎಷ್ಟೋ ಸಲ ಈ ಮನೆಯ ಸಾರು ಬಂದಿದೆ, ಚಟ್ನಿ ಬಂದಿದೆ. ಬೆಲ್ಲ ಮಾತ್ರ ಬಂದಿರಲಿಲ್ಲ, ತಮ್ಮ ಮನೆಯಲ್ಲಿ ಇತ್ತಲ್ಲ. ತಮ್ಮ ಮನೆಯ ಬೆಲ್ಲವನ್ನೂ ತಂದು, ಎರಡು ಲೋಟ ನೀರಿಗೆ ಎರಡೂ ಬೆಲ್ಲ ಬೇರೆ ಬೇರೆ ಹಾಕಿ ಬಿಳಿ ಅರಿವೆಯಲ್ಲಿ ಸೋಸಿದರು. ತೊಳೆದಾಗ ಒಂದು ಅರಿವೆ ಬಿಳಿಯಾಯಿತು. ಇನ್ನೊಂದರ ಕಲೆ ಸೋಪು ಹಚ್ಚಿದರೂ ಹೋಗಲಿಲ್ಲ.

ಹೊರಸಿನ ಮೇಲೆ ಕೂಸಿಗೆ ಹಾಲೂಡುತ್ತಿದ್ದ ಫರಹೀನ ಎಲ್ಲವನ್ನೂ ನೋಡಿದಳು.

‘ಒಂಬತ್ತು ತಿಂಗಳು ಇದನ್ನs ತಿಂದೇನ್ರಿ ಅಕ್ಕೋರ. ಗಂಡನ ಮನಿಗೂ ಇಲ್ಲಿಂದನs ಒಯ್ದಿದ್ದೆ. ರಕ್ತ ಆಗ್ತದಂತ ದಿನಾ ತಿಂದೆ. ನನ್ನ ಕೂಸಿಗಿ ಏನರ ಆಗ್ತದೇನ್ರಿ?’

ಊರಿನ ಯಾವ ತಾಯಿ ಏನು ಕೇಳಿದರೂ ಉತ್ತರ ಕೊಟ್ಟ ಬಾಯಿ ಅದು. ಅವತ್ತು ‘ಡಾಕ್ಟರಮ್ಮಗ ತೋರಸೂಣು’ ಎಂದಷ್ಟೇ ಅಂದಿತು.

ಮರುದಿನ ಅಕ್ಕೋರು, ಪೀರಬಿ ಇಬ್ಬರೂ ತಾಯಿ-ಮಗುವನ್ನು ಅಫಜಲಪುರದ ಡಾಕ್ಟರಮ್ಮನ ಬಳಿ ಕರೆದೊಯ್ದರು. ಆಕೆ ಕೂಸನ್ನು ಎತ್ತಿ, ತಿರುಗಿಸಿ, ಎದೆಗೆ ಕಿವಿಕೊಟ್ಟು ನೋಡಿದಳು. ‘ಕೂಸು ಈಗ ಚಂದ ಅದ. ಆದ್ರ ಬಣ್ಣ ಯಾತರದ್ದಂತ ಗೊತ್ತಿಲ್ಲದ ನಾ ಮುಂದಿಂದು ಹೆಂಗ ಹೇಳ್ಲಿ? ತಿನ್ನೂದು ಬಿಡ್ರಿ, ಕೂಸಿನ ತೂಕಾ ತಪ್ಪದ ತೋರಿಸ್ರಿ’ ಎಂದಳು. ಚಂದ ಅದ ಎಂಬ ಮಾತಿಗೆ ಪೀರಬಿ ಅಳತೊಡಗಿದಳು. ಈಗ ಎಂಬ ಮಾತು ಅಕ್ಕೋರ ಎದೆಯಲ್ಲಿ ಉಳಿಯಿತು.

‘ನೀ ಏನು ಬೇಕಂತ ಮಾಡಿಲ್ಲ, ಬಿಡು’ ಎಂದರು ಬಸವಂತರಾಯರು.

‘ಬೇಕಂತ ಮಾಡಿದವರಿಗಿ ತಾವು ಮಾಡಿದ್ದು ಗೊತ್ತಿರ್ತದ. ನನಗ ಅದೂ ಗೊತ್ತಿದ್ದಿಲ್ಲ’ ಎಂದರು ಅಕ್ಕೋರು. ಎರಡು ಅರಿವೆ ಹಿಡಿದು ಹೊರಬಿದ್ದರು.

ಐದು ದಿನ ಮನೆಮನೆ ತಿರುಗಿದರು. ಅರಿವೆ ತೋರಿಸುವರು, ತಾವು ತಿಂದದ್ದು ಇದು, ನೀವು ತಿಂದದ್ದು ಇದು ಎನ್ನುವರು, ಡಬ್ಬಿ ತರಿಸಿ ಅಲ್ಲೇ ತಿಪ್ಪೆಗೆ ಸುರಿಸುವರು. ಕೆಲವರು ಪಾಪ ಎಂದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಚಂದಮ್ಮನೆಂಬ ಮುದುಕಿಯಂತೂ, ‘ನಿನಗ ಬಿಟ್ಟಿ ಬೆಲ್ಲ ಬರ್ತಿತ್ತಂತಲ್ಲ, ಗೊತ್ತಿಲ್ಲ ಅಂದ್ರ ಯಾರು ನಂಬಬೇಕು?’ ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಅಕ್ಕೋರು ಅವಳ ಡಬ್ಬಿಯನ್ನೂ ಸುರಿಸಿಯೇ ಮುಂದಿನ ಮನೆಗೆ ಹೋದರು. ಮಲ್ಲಣ್ಣ ರಟ್ಟನ್ನು ಹರಿದು ಒಲೆಗೆ ಹಾಕಿದ. ಅವನೂ ಅದೇ ಬೆಲ್ಲ ತಿನ್ನುತ್ತಿದ್ದ.

ಆಮೇಲೆ ಕಲಬುರಗಿಗೆ ಹೋಗಿ ಅರ್ಜಿ ಕೊಟ್ಟರು. ಅಧಿಕಾರಿಗಳು ಬಂದರು. ಆದರೆ ಅಕ್ಕೋರ ಐದು ದಿನದ ಸುದ್ದಿ ಅವರಿಗಿಂತ ಮುಂಚೆ ಗಾಣ ಮುಟ್ಟಿತ್ತು. ತಗಡಿನ ಹಿಂದೆ ಚೀಲಗಳಿರಲಿಲ್ಲ, ಒಲೆ ಆರಿತ್ತು, ಜಗದೇವ ಊರು ಬಿಟ್ಟಿದ್ದ. ಆಳುಗಳು ಕೂಲಿ ಹುಡುಕಿಕೊಂಡು ಚೆದುರಿದ್ದರು. ಪೀರಬಿಯ ಡಬ್ಬಿಯಿಂದ ಅಕ್ಕೋರು ತೆಗೆದಿಟ್ಟುಕೊಂಡಿದ್ದ ಚೂರನ್ನೇ ಅಧಿಕಾರಿಗಳು ಪರೀಕ್ಷೆಗೆ ಒಯ್ದರು. ಗಡಿಯಾಚೆ ಎಲ್ಲೋ ಹೊಸ ಹೆಸರಿನಲ್ಲಿ ಜಗದೇವ ಮತ್ತೆ ಒಲೆ ಹಚ್ಚಿದ್ದಾನೆಂದು ಲಾರಿಯವರು ಹೇಳುತ್ತಾರೆ. ಯಾವ ಬಣ್ಣದ್ದು ಮಾಡುತ್ತಾನೋ.

ಪೀರಬಿ ತಿಂಗಳೊಪ್ಪತ್ತು ಗೋಡೆಯ ಬಳಿ ಬರಲಿಲ್ಲ. ಕಡೆಗೆ ಬಂದವನು ಶರಫುದ್ದೀನ.

‘ಅಕ್ಕೋರ, ನಂದು ಎರಡೆಕರೆ ಕಬ್ಬು ಫ್ಯಾಕ್ಟರಿಗಿ ಹೋಗೂದದ. ನಾಕು ಸಾಲು ಬಿಟ್ಟೇನ್ರಿ. ನಮ್ಮ ಅಬ್ಬಾನ ಕಾಲದ ಕಡಾಯಿ ಹೊಲದಾಗ ಬಿದ್ದದ. ನಾವs ಯಾಕ ಕುದಿಸಬಾರದು? ಪೀರಬಿನs ಕೇಳಂದಾಳ.’

ಅಕ್ಕೋರು ಗೋಡೆಯಾಚೆ ನೋಡಿದರು. ಪೀರಬಿ ಬಟ್ಟೆ ಒಣಹಾಕುವವಳಂತೆ ಬೆನ್ನು ಮಾಡಿ ನಿಂತಿದ್ದಳು.

ಮೊದಲ ಕುದಿ ಕೆಟ್ಟಿತು. ಪಾಕ ಹಿಡಿಯುವುದು ಯಾರಿಗೂ ಬರುತ್ತಿರಲಿಲ್ಲ. ಬೆಲ್ಲ ಗಟ್ಟಿಯಾಗದೆ ಕೆಸರಿನಂತೆ ಉಳಿಯಿತು, ಅದನ್ನೇ ಕೊಡದಲ್ಲಿ ತುಂಬಿಕೊಂಡರು. ಎರಡನೆಯದಕ್ಕೆ ಹಸನಸಾಬನೆಂಬ ಮುದುಕನನ್ನು ಕರೆಸಿದರು. ಅವನು ಹೊರಸಿನ ಮೇಲೆ ಕುಳಿತೇ, ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಈಗ ಇಳಸ್ರಿ’ ಎಂದ. ಕರಿಯೂ ಅಲ್ಲದ, ಹಳದಿಯೂ ಅಲ್ಲದ, ಹೆಂಚಿನಂಥ ಕೆಂಪು ಬೆಲ್ಲ ಬಂತು. ಒಲೆಯ ಸುತ್ತ ಓಣಿಯ ಹನ್ನೆರಡು ಹೆಂಗಸರು ಕುಳಿತಿದ್ದರು. ಚಂದಮ್ಮನೂ ಇದ್ದಳು.

ಯಡ್ರಾಮಿಗೆ ಕೊಟ್ಟ ಮಗಳು ಸುನಿತಾ ಫೋನು ಮಾಡಿ, ‘ಅವ್ವಾ, ಬೆಲ್ಲ ಚಲೋ ಆಗ್ಯಾದಂತ. ಬಸ್ಸಿನ್ಯಾಗ ಎರಡು ಪೆಂಟಿ ಕಳಸು’ ಎಂದಳು.

‘ಚಲೋ ಆಗ್ಯಾದಂತ ನಾ ಹೇಳಂಗಿಲ್ಲವ್ವ’ ಎಂದರು ಅಕ್ಕೋರು. ‘ಐತವಾರ ಮತ್ತೊಂದು ಕಡಾಯಿ ಇಡ್ತೇವಿ. ನೀನs ಬಾ. ಕಬ್ಬು ಕಡಿಯೂದರಿಂದ ಹಿಡಿದು ಕುಂತು ನೋಡು. ನಿನಗ ಖಾತ್ರಿ ಆದ್ರ ಒಯ್ಯಿ.’

ಸುನಿತಾಗೆ ಸಿಟ್ಟು ಬಂತು. ಆದರೂ ಐತವಾರ ಮೊದಲ ಬಸ್ಸಿಗೇ ಬಂದಳು. ಅಲ್ಲಿ ಫರಹೀನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆಂಡಿಗಿಡದ ಕಾಂಡ ಜಜ್ಜುತ್ತ ಕುಳಿತಿದ್ದಳು. ಸುನಿತಾ ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕ ಕೂತು ಇನ್ನೊಂದು ಕಾಂಡ ಎತ್ತಿಕೊಂಡಳು.