ಅಕ್ಕನ ವ್ಯಾನು, ತಮ್ಮನ ಜಾರುಮಣೆ

ಅಕ್ಕ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಹೋಗುವುದು, ಸಂಜೆ ಒಬ್ಬೊಬ್ಬರನ್ನೇ ಇಳಿಸುತ್ತ ಬರುವುದು. ಅದೇ ಬೀದಿ, ಅದೇ ತಿರುವು, ನೀರಿನ ಬಾಟಲಿ ಮರೆತೆವೆಂದು ಹಿಂದೆ ಓಡಿಬರುವ ಅದೇ ತಾಯಂದಿರು. ಮದುವೆಯ ಮಾತೆತ್ತಿದವರಿಗೆಲ್ಲ, “ಮಕ್ಕಳನ್ನ ಮನೆ ಮುಟ್ಟಿಸಿ ಬರ್ತೀನಿ, ಆಮೇಲೆ ಮಾತಾಡೋಣ” ಎಂದು ತೇಲಿಸಿಬಿಡುತ್ತಿದ್ದಳು. ಮನೆ ಮುಟ್ಟಿಸುವುದರಲ್ಲೇ ತಲೆಯಲ್ಲಿ ಬೆಳ್ಳಿಗೂದಲು ಬಂತು, ಜೊತೆಗೆ ಸಕ್ಕರೆ ಕಾಯಿಲೆಯೂ ಬಂತು, ಅದು ಕಣ್ಣಿಗೂ ತಗುಲಿತು.

ಶಾಲೆಯವರು ಹೊಸ ವ್ಯಾನು ತಂದಾಗ ಅವಳು ಹಳೆಯದನ್ನು ತಾನೇ ಇಟ್ಟುಕೊಂಡು ಕೆಲಸ ಬಿಟ್ಟಳು. ಹಿಂದಿನ ಸೀಟು ಕಿತ್ತು, ಅಡ್ಡಕ್ಕೊಂದು ಮಲಗುವ ಹಲಗೆ ಹಾಕಿಸಿದಳು. ಅವಳಿಗಿದ್ದದ್ದು ಒಂದೇ ಆಸೆ. ಇಷ್ಟು ಹೊತ್ತಿಗೆ ವಾಪಸು ಬರಬೇಕೆಂಬ ಹಂಗಿಲ್ಲದೆ, ದಾರಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ತಾನೇ ಓಡಿಸಿಕೊಂಡು ಹೋಗಬೇಕು. ಕಣ್ಣಿನ ಡಾಕ್ಟರು ಮಾತ್ರ ಅಷ್ಟು ಧಾರಾಳವಾಗಿರಲಿಲ್ಲ. “ಈಗಿನ ಮಟ್ಟಿಗೆ ಓಡಿಸಬಹುದು. ಮುಂದಿನ ಸಲ ಏನು ಹೇಳ್ತೀನೋ ಗೊತ್ತಿಲ್ಲ” ಎಂದಿದ್ದರು.

ಜೊತೆಗೆ ಹೋಗಬೇಕಾದವನು ತಮ್ಮ. ಅವನ ಉದ್ಯೋಗವನ್ನು ಗಂಭೀರವಾಗಿ ಹೇಳುವುದು ಅವನಿಗೇ ಕಷ್ಟವಾಗುತ್ತಿತ್ತು. ಅಡುಗೆಮನೆಯ ಕಪಾಟು ಮಾರುವ ಶೋರೂಮಿನಲ್ಲಿ ಗಿರಾಕಿಗಳಿಗೆ ಡ್ರಾಯರ್ ಎಳೆದು ತೋರಿಸುವುದು, ಅವರು ತಲೆಯಾಡಿಸಿದ ಮೇಲೆ ಒಳಕ್ಕೆ ತಳ್ಳುವುದು. ತಿಂಗಳ ಕೊನೆಗೆ ಇದಕ್ಕೇ ಸಂಬಳ. ಡ್ರಾಯರು ಜಾರಲು ಎರಡು ಪಕ್ಕಕ್ಕೂ ಹಾಕುವ ಉಕ್ಕಿನ ಪಟ್ಟಿಯ, ಅಂದರೆ ಚಾನೆಲ್ಲಿನ, ಗುಣಗಾನವನ್ನು ಅವನು ನಿದ್ದೆಗಣ್ಣಲ್ಲೂ ಮಾಡಬಲ್ಲ, ಆದರೆ ಒಂದು ಸ್ಕ್ರೂ ನೆಟ್ಟಗೆ ಕೂರಿಸಿದವನಲ್ಲ. ಹಾಗಾಗಿಯೇ ಅವನಿಗೆ ಅಷ್ಟು ಧೈರ್ಯವಿತ್ತು.

ಸಕ್ಕರೆ ಕಾಯಿಲೆಗೆ ಅಕ್ಕ ಚುಚ್ಚಿಕೊಳ್ಳುವ ಇಂಜೆಕ್ಷನ್ನು ತಣ್ಣಗಿರಬೇಕಲ್ಲ, ಅದಕ್ಕೆಂದು ವ್ಯಾನಿನ ಬ್ಯಾಟರಿಯಲ್ಲೇ ಓಡುವ, ಪೆಟ್ಟಿಗೆಯಂಥ ಫ್ರಿಜ್ ಬಂತು. ಅದರ ಮುಚ್ಚಳ ತೆರೆಯುವುದು ಮೇಲಕ್ಕೆ. ಮಲಗುವ ಹಲಗೆಯ ಕೆಳಗಿಟ್ಟರೆ ಮುಚ್ಚಳ ಏಳುವುದಿಲ್ಲ.

“ಪಕ್ಕದ ಬಾಗಿಲಿನ ಕಡೆ ಎಳೆದುಕೊಳ್ಳೋ ಹಾಗೆ ಮಾಡ್ತೀನಿ ಬಿಡಕ್ಕಾ. ಪ್ಲೈವುಡ್ ಹಲಗೆ, ಕೆಳಗೆ ಚಾನೆಲ್. ನಮ್ಮ ಅಂಗಡೀದೇ ಮಾಲು.”

“ಜಾರುಮಣೆ ಅನ್ನು. ಮಾಡಿ ಕೊಡಪ್ಪ ಡ್ರಾಯರ್ ಸಾಹೇಬ.”

ಸಾಹೇಬ ಮಾಡಿದ. ಹಲಗೆ ಕೊಯ್ಯುವಾಗ ಅರ್ಧ ಬೀದಿ ಬಂದು ಸಲಹೆ ಕೊಟ್ಟಿತು. ಕೊನೆಗೂ ಫ್ರಿಜ್ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಬಂತು, ಸದ್ದಿಲ್ಲದೆ ಒಳಹೋಯಿತು. ಹೆಮ್ಮೆಯಲ್ಲಿ ಅವನಿಗೆ ನೆಲ ಕಾಣಿಸಲಿಲ್ಲ. ಒಳಗೆ ನೀರಿನ ಬಾಟಲಿ ತುಂಬಿ ಇಬ್ಬರೂ ಒಂದು ಸುತ್ತು ಹೊರಟರು. ಮೊದಲ ತಿರುವಿನಲ್ಲೇ ಫ್ರಿಜ್ ತನ್ನಷ್ಟಕ್ಕೆ ಹೊರಜಾರಿ ಬಾಗಿಲಿಗೆ ಗುದ್ದಿತು. ಮುಂದಿನ ತಿರುವಿಗೆ ವಾಪಸು ಹೋಯಿತು. ಅಕ್ಕ ವ್ಯಾನು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಡುಗೆಮನೆ ಎಲ್ಲಾದ್ರೂ ತಿರುವು ತಗೊಳ್ಳುತ್ತೇನೋ? ನಿನಗೆ ಹೇಗೆ ಹೊಳೀಬೇಕು ಪಾಪ.”

ಅವನು ಇಂಗು ತಿಂದ ಮಂಗನ ಹಾಗೆ ಕೂತಿದ್ದ. ನಿಂತ ಮನೆಗೆ ಮಾಡಿದ ಚಾನೆಲ್ಲನ್ನು ಓಡುವ ಗಾಡಿಗೆ ಹಾಕಿದ್ದ. ಹಿಡಿದು ನಿಲ್ಲಿಸುವ ಲಾಕ್ ಅದಕ್ಕಿರಲಿಲ್ಲ.

“ಒಂದು ಹಗ್ಗ ತಗೊಂಡು ನನ್ನ ಸೀಟಿನ ಹಿಂದೆ ಬಿಗಿದುಬಿಡು” ಎಂದಳು ಅಕ್ಕ. “ನಾಳೆ ಬೆಳಿಗ್ಗೆ ಹೊರಡೋಣ.”

“ಹಗ್ಗನಾ? ಯಾರಾದ್ರೂ ನೋಡಿದ್ರೆ ಏನಂತಾರೆ?”

“ಫ್ರಿಜ್ಜಿಗೆ ಹಗ್ಗ ಕಟ್ಟಿದಾರೆ ಅಂತಾರೆ.”

ಅವನು ಒಪ್ಪಲಿಲ್ಲ. ಊರಿಗೆಲ್ಲ ಚಾನೆಲ್ ಮಾರುವವನ ಅಕ್ಕ ಫ್ರಿಜ್ಜನ್ನು ಹಗ್ಗದಲ್ಲಿ ಕಟ್ಟಿಕೊಂಡು ಹೋಗುವುದೆಂದರೇನು? ಲಾಕ್ ಇರುವ, ಭಾರ ತಡೆಯುವ ಚಾನೆಲ್ ತರಿಸಿದ. ಪೊಟ್ಟಣ ಬಿಚ್ಚಿದರೆ ಎರಡೂ ಎಡಗಡೆಯವು. ಒಂದನ್ನು ವಾಪಸು ಕಳಿಸಿ ಬಲಗಡೆಯದಕ್ಕೆ ಕಾದ. ಅದು ಬಂದ ಮೇಲೆ ಹಳೆಯ ಹಲಗೆ ತೆಳುವೆನಿಸಿತು, ದಪ್ಪನೆಯದು ತಂದ. ಅಂಚು ಒರಟೆಂದು ಉಜ್ಜಿದ. ಅಳೆದೂ ಸುರಿದೂ ಬೋಲ್ಟಿನ ತೂತನ್ನು ಕೂದಲೆಳೆಯಷ್ಟು ಆಚೆ ಹಾಕಿ, ಮತ್ತೆ ಕೊರೆದ.

ಅಕ್ಕ ಬಟ್ಟೆಯ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಳು. ಬೇಕಾದ ಸೀರೆಯನ್ನು ಅದರಿಂದಲೇ ತೆಗೆದು ಉಟ್ಟು, ಒಗೆದು, ಮಡಚಿ ಮತ್ತೆ ಅಲ್ಲೇ ಇಡುತ್ತಿದ್ದಳು.

“ಕಣ್ಣು ತೋರಿಸೋಕೆ ಹೋಗೋದು ಹತ್ತಿರ ಬಂತು ಕಣೋ. ಅದಕ್ಕೆ ಮುಂಚೆ ಹೋಗಿಬರೋಣ ಅಂದಿದ್ದೆ.”

“ಈ ಭಾನುವಾರ ಗ್ಯಾರಂಟಿ ಅಕ್ಕಾ. ಗಿರಾಕಿಗೆ ಹೇಳಿದ ಹಾಗೆ ಹೇಳ್ತಿಲ್ಲ.”

ಗಿರಾಕಿಗೆ ಹೇಳಿದ ಹಾಗೆಯೇ ಹೇಳಿದ್ದ. ಆ ಭಾನುವಾರ ವಾರ್ನಿಷ್ ಒಣಗಲಿಲ್ಲ.

ಆಸ್ಪತ್ರೆಯಲ್ಲಿ ಅವನು ಹೊರಗಿನ ಬೆಂಚಿನ ಮೇಲೆ ಕೂತು ಕೈಬೆರಳಿಗಂಟಿದ ವಾರ್ನಿಷ್ ಕೆರೆಯುತ್ತಿದ್ದ. ಅಕ್ಕ ಗೋಡೆ ಸವರಿಕೊಂಡು ಹೊರಬಂದಳು. ಕಣ್ಣಿಗೆ ಹನಿ ಹಾಕಿರುತ್ತಾರೆ, ಅದಕ್ಕೇ ಎಂದುಕೊಂಡ.

“ಇನ್ನು ಸ್ಟೀರಿಂಗ್ ಮುಟ್ಟಬಾರದಂತೆ” ಎಂದಳು. “ಒಳಗೆ ರಕ್ತ ಜಿನುಗಿದೆಯಂತೆ. ಬಹಳ ಒಳ್ಳೆ ಡಾಕ್ಟ್ರು, ಎರಡು ಸಲ ಹೇಳಿದ್ರು.”

ಅವನು ಎದ್ದು ಅವಳ ಕೈ ಹಿಡಿದುಕೊಂಡ. ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು.

“ಮುಗೀತೇನೋ ನಿನ್ನ ಜಾರುಮಣೆ?”

“ಇನ್ನೊಂದು ಕೋಟು ಹೊಡೆಯೋದಿತ್ತು.”

“ಹೊಡಿ. ಅರ್ಧಕ್ಕೆ ಬಿಡಬೇಡ.”

ಒಂದು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಅದರ ಮುಂದಿನ ರಜೆಯಲ್ಲಿ ಅವನೇ ಹೊರಡಿಸಿದ. ಲೈಸೆನ್ಸು ಅವನಿಗೂ ಇತ್ತು, ಧೈರ್ಯ ಇರಲಿಲ್ಲ ಅಷ್ಟೆ. ಅಕ್ಕ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಳು. ಗೇಟಿನ ಬಳಿ ಎರಡು ಸಲ ಇಂಜಿನ್ ಆರಿತು. ಬೇರೆ ದಿನವಾಗಿದ್ದರೆ ಅವಳು ಊರಿಗೆಲ್ಲ ಕೇಳುವ ಹಾಗೆ ಹಂಗಿಸುತ್ತಿದ್ದಳು.

ಮನೆಗಳು ಮುಗಿದು ಬಯಲು ಶುರುವಾಯಿತು. ಇಂಜೆಕ್ಷನ್ನಿನ ಹೊತ್ತಿಗೆ ಒಂದು ಮರದಡಿ ನಿಲ್ಲಿಸಿ, ಬಾಗಿಲು ತೆರೆದು ಹಲಗೆ ಎಳೆದ. ಲಾಕ್ ಟಕ್ಕೆಂದು ಕೂತಿತು. ಅಕ್ಕ ಬಂದು ಹಲಗೆಯ ಅಂಚಿನುದ್ದಕ್ಕೂ ಬೆರಳಾಡಿಸಿದಳು.

“ಎಷ್ಟು ನುಣುಪಾಗಿದೆಯೋ” ಎಂದಳು. ಹೊಗಳಿಕೆಯೇ. ಅವನು ಮುಖ ಆ ಕಡೆ ತಿರುಗಿಸಿದ.

ಸಿರಿಂಜಿನ ಗೆರೆ ಅವಳಿಗೆ ಕಾಣಲಿಲ್ಲ. ಅವನೇ ಔಷಧಿ ಎಳೆದು ಕೊಟ್ಟ, ಅವಳು ಚುಚ್ಚಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಒಂದು ಲಾರಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಕೇಳಿಸಿಕೊಂಡಳು.

“ಸಾಕು, ತಿರುಗಿಸು.”

“ದಾರಿ ಇನ್ನೂ ಬಹಳ ಇದೆಯಲ್ಲಕ್ಕಾ. ನಾನು ಓಡಿಸ್ತೀನಿ. ಎಲ್ಲಿವರೆಗೆ ಅಂದ್ರೆ ಅಲ್ಲಿವರೆಗೆ.”

“ಬೇಡ ಕಣೋ. ಕೂತ್ಕೊಂಡು ಹೋಗೋದಕ್ಕೆ ಬಸ್ಸಿದೆ.”

ಅವನು ಫ್ರಿಜ್ಜನ್ನು ಒಳಗೆ ತಳ್ಳಿ ಬಾಗಿಲು ಹಾಕಿದ. ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. ಆದರೂ ವ್ಯಾನು ತಿರುಗಿಸಲು ಅವನಿಗೆ ಬಹಳ ಹೊತ್ತು ಬೇಕಾಯಿತು.